ಬೆಲ್ಲ ಹಾಕಿದ ಓಟ್ಸ್ ಬಾರ್ ‘ಶುಗರ್ ಫ್ರೀ’ ಆಗುತ್ತದೆಯೇ?

ಓಟ್ಸ್, ರಾಗಿ ಹಿಟ್ಟು, ಕಡಲೆಕಾಯಿ ಬೀಜ, ಬೆಲ್ಲ ಸೇರಿಸಿ ಮನೆಯಲ್ಲೇ ಬೇಯಿಸಿದ ಸಿಹಿ ಬಾರ್‌ಗಳನ್ನು ಮಧುಮೇಹಿಗಳೂ ಧಾರಾಳವಾಗಿ ತಿನ್ನಬಹುದು ಎಂಬ ನಂಬಿಕೆಯಿದೆ. ಇದು ತಪ್ಪು. ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ. 100 ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲರಿ. ಬೆಲ್ಲದಲ್ಲೂ ಹೆಚ್ಚುಕಡಿಮೆ ಅಷ್ಟೇ. ಜೇನುತುಪ್ಪವನ್ನೂ ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ ಮಿತಿಗೊಳಿಸಬೇಕಾದ ಸಕ್ಕರೆಗಳಲ್ಲೇ ಸೇರಿಸಿದೆ.

ಹಾಗಾದರೆ ಇಂಥ ಬಾರ್‌ನಿಂದ ಲಾಭವೇ ಇಲ್ಲವೇ? ಇದೆ, ಆದರೆ ಅದು ಬೆಲ್ಲದಿಂದಲ್ಲ. ಓಟ್ಸ್‌ನಲ್ಲಿರುವ ಬೀಟಾ-ಗ್ಲುಕಾನ್ ಎಂಬ ನಾರು ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ರಾಗಿಯಿಂದ ಕ್ಯಾಲ್ಸಿಯಂ, ಕಡಲೆಕಾಯಿ ಬೀಜದಿಂದ ಪ್ರೋಟೀನ್ ಸಿಗುತ್ತದೆ. ಬೆಲ್ಲವನ್ನು ಅರ್ಧಕ್ಕೆ ಇಳಿಸಿ, ಕಿವುಚಿದ ಬಾಳೆಹಣ್ಣು ಸೇರಿಸಿ. ಬಾರ್‌ಗಳನ್ನು ಚಿಕ್ಕದಾಗಿ ಕತ್ತರಿಸಿ. ಮಧುಮೇಹ ಇರುವವರು ಇದನ್ನೂ ಸಿಹಿತಿಂಡಿಯ ಲೆಕ್ಕಕ್ಕೇ ಸೇರಿಸಬೇಕು.