ಕಡ್ಡಾಯದ ಪಟ್ಟಿಯ ಹೊರಗೆ ಕನ್ನಡ: ಲಿನಕ್ಸ್ ಡೆಸ್ಕ್‌ಟಾಪ್‌ನ ಅವಲಂಬನೆಗಳ ಬಗ್ಗೆ ಒಂದು ಟಿಪ್ಪಣಿ

ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಕನ್ನಡ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹೆಸರು ಸಾಕು. ನೆಲಮಂಗಲದಲ್ಲಿ ಒತ್ತಕ್ಷರವೇ ಇಲ್ಲ. ಹೊಸಕೋಟೆಯ ‘ಹೊ’ದಲ್ಲಿರುವ ಒಕಾರ ಯೂನಿಕೋಡ್‌ನಲ್ಲಿ ಎರಡು ಭಾಗವಾಗಿಯೂ ‘ಕೋ’ದಲ್ಲಿರುವ ಓಕಾರ ಮೂರು ಭಾಗವಾಗಿಯೂ ಒಡೆಯಬಲ್ಲವು. ದೇವನಹಳ್ಳಿಯಲ್ಲಿ ಒಂದು ಒತ್ತು ಇದೆ. ದೊಡ್ಡಬಳ್ಳಾಪುರದಲ್ಲಿ ಎರಡು ಒತ್ತು, ಒಟ್ಟು 13 ಯೂನಿಕೋಡ್ ಸಂಕೇತಗಳು. ಈ ಹೆಸರುಗಳನ್ನು ಟೈಪ್ ಮಾಡಲು, ತೆರೆಯ ಮೇಲೆ ಓದಲು ಬೇಕಾದ ತಂತ್ರಾಂಶಗಳಲ್ಲಿ ಯಾವುದನ್ನು ಕಡ್ಡಾಯವೆಂದು, ಯಾವುದನ್ನು ಐಚ್ಛಿಕವೆಂದು ಬಗೆಯಲಾಗಿದೆ ಎಂಬುದೇ ಇಲ್ಲಿನ ವಿಷಯ.

ಡೆಬಿಯನ್ ಮತ್ತು ಅದರಿಂದ ಹುಟ್ಟಿದ ಉಬುಂಟುವಿನಲ್ಲಿ ಅವಲಂಬನೆಗೆ ಮುಖ್ಯವಾಗಿ ಮೂರು ಹಂತಗಳಿವೆ: ಡಿಪೆಂಡ್ಸ್, ರೆಕಮೆಂಡ್ಸ್, ಸಜೆಸ್ಟ್ಸ್. ಮೊದಲನೆಯದು ಇಲ್ಲದಿದ್ದರೆ ಪ್ಯಾಕೇಜು ಕೆಲಸಕ್ಕೆ ಸಿದ್ಧವಾಗುವುದೇ ಇಲ್ಲ. ಎರಡನೆಯದು ಬಲವಾದ ಶಿಫಾರಸು. ಅಪರೂಪದ ಸಂದರ್ಭಗಳನ್ನು ಬಿಟ್ಟರೆ ಜೊತೆಯಲ್ಲೇ ಇರಬೇಕಾದದ್ದು. ಮೂರನೆಯದು ಬರೀ ಸೂಚನೆ. 2009ರಲ್ಲಿ ಬಂದ ಡೆಬಿಯನ್ 5.0ರಿಂದ ಆಪ್ಟ್ ಸಾಧನವು ರೆಕಮೆಂಡ್ಸ್ ಪಟ್ಟಿಯನ್ನೂ ತಾನಾಗಿ ತರುತ್ತದೆ. ಬೇಡವೆಂದರೆ ಬಳಕೆದಾರರು ಅದನ್ನು ತಡೆಯಬಹುದು.

ಅಕ್ಷರಗಳನ್ನು ಜೋಡಿಸುವ ಕೆಲಸ ಇಂದು ಭದ್ರ ಸ್ಥಾನದಲ್ಲಿದೆ. ಗ್ನೋಮ್ ಡೆಸ್ಕ್‌ಟಾಪ್‌ನ ಅನ್ವಯಗಳು ಪಠ್ಯ ಜೋಡಿಸುವ ಪ್ಯಾಂಗೋವನ್ನು, ಪ್ಯಾಂಗೋ ಅಕ್ಷರರೂಪಗಳನ್ನು ಆರಿಸಿ ಕೂರಿಸುವ ಹಾರ್ಫ್‌ಬಜ್ ಅನ್ನು ಕಡ್ಡಾಯವಾಗಿ ಬೇಡುತ್ತವೆ. ಲಿಬ್ರೆಆಫೀಸ್ ಕೂಡ 2013ರ 4.1 ಆವೃತ್ತಿಯಲ್ಲಿ ಲಿನಕ್ಸ್‌ನಲ್ಲಿ ಹಾರ್ಫ್‌ಬಜ್‌ಗೆ ಬಂತು. ಹೀಗಾಗಿ ಒತ್ತನ್ನು ಎಲ್ಲಿ ಕೂರಿಸಬೇಕೆಂಬ ತಿಳಿವಳಿಕೆ, ಕನ್ನಡವನ್ನೇ ಬಳಸದವರ ಯಂತ್ರದಲ್ಲೂ ಇರುತ್ತದೆ. ಆದರೆ ಆ ತಿಳಿವಳಿಕೆಗೆ ಬೇಕಾದ ಫಾಂಟು ಮಾತ್ರ ಕಡ್ಡಾಯದ ಸರಪಳಿಯ ಹೊರಗಿದೆ. ಡೆಬಿಯನ್‌ನ ಫಾಂಟ್‌ಕಾನ್ಫಿಗ್ ವ್ಯವಸ್ಥೆಗೆ ಡೇಜಾವು ಮೊದಲಾದ ಕೆಲವು ಫಾಂಟುಗಳಲ್ಲಿ ಒಂದಿದ್ದರೆ ಸಾಕು, ಕಡ್ಡಾಯದ ಷರತ್ತು ಪೂರೈಸಿದಂತೆ. ಡೇಜಾವುವಿನಲ್ಲಿ ಕನ್ನಡ ಅಕ್ಷರಗಳಿಲ್ಲ. ಲೋಹಿತ್ ಕನ್ನಡ, ಗುಬ್ಬಿ, ನವಿಲು ಫಾಂಟುಗಳೆಲ್ಲ ಬೇರೆ ಪ್ಯಾಕೇಜುಗಳಲ್ಲಿವೆ. ಅವು ಇಲ್ಲದಿದ್ದರೂ ಪ್ಯಾಕೇಜು ವ್ಯವಸ್ಥೆಯ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿರುತ್ತದೆ. ಆದರೆ ತೆರೆಯ ಮೇಲೆ ದೊಡ್ಡಬಳ್ಳಾಪುರದ ಬದಲು ಚೌಕಗಳ ಸಾಲು ಕಾಣುತ್ತದೆ.

ಟೈಪಿಂಗ್ ವಿಷಯ ಇನ್ನೂ ಸೂಕ್ಷ್ಮ. ಡೆಸ್ಕ್‌ಟಾಪ್‌ಗೆ ಕಡ್ಡಾಯವಾದ ಎಕ್ಸ್‌ಕೆಬಿ ಎಂಬ ಕೀಲಿಮಣೆ ದತ್ತಾಂಶದಲ್ಲೇ ಇನ್‌ಸ್ಕ್ರಿಪ್ಟ್ ಮತ್ತು ಕಗಪ ಎರಡೂ ವಿನ್ಯಾಸಗಳಿವೆ. ಅಷ್ಟಿದ್ದರೆ ಸಾಕಲ್ಲ ಎನ್ನಿಸಬಹುದು, ಸಾಲದು. ಎಕ್ಸ್‌ಕೆಬಿ ಒಂದು ಕೀಲಿ ಒತ್ತಿದರೆ ಒಂದು ಸಂಕೇತ ಕೊಡುತ್ತದೆ. ಹಿಂದೆ ಬಂದ ಅಕ್ಷರ ಯಾವುದೆಂದು ಅದು ನೋಡುವುದಿಲ್ಲ. ಕೆ.ಪಿ. ರಾವ್ ಅವರ ಈ ಕಗಪ ವಿನ್ಯಾಸವನ್ನು ನುಡಿ ತಂತ್ರಾಂಶದಲ್ಲಿ ಕಲಿತವರು ಒಂದೇ ಕೀಲಿಯನ್ನು ಪದದ ಮೊದಲಲ್ಲಿ ಒತ್ತಿದರೆ ‘ಆ’, ವ್ಯಂಜನದ ನಂತರ ಒತ್ತಿದರೆ ಅದರ ದೀರ್ಘಚಿಹ್ನೆ ಬರಬೇಕೆಂದು ನಿರೀಕ್ಷಿಸುತ್ತಾರೆ. ಸಂದರ್ಭ ನೋಡಿ ಹಾಗೆ ನಿರ್ಧರಿಸಲು ಐಬಸ್‌ನಂಥ ಇನ್‌ಪುಟ್ ವ್ಯವಸ್ಥೆಯೂ ಎಂ17ಎನ್‌ನಂಥ ಎಂಜಿನ್ನೂ ಬೇಕು. 2012ರ ಗ್ನೋಮ್ 3.6 ಐಬಸ್ ಅನ್ನು ಡೆಸ್ಕ್‌ಟಾಪ್‌ನೊಳಗೇ ಬೆಸೆಯಿತು, ಆದರೆ ಕನ್ನಡದ ನಿಯಮಗಳನ್ನು ಹೊತ್ತ ಎಂಜಿನ್ನು ಪ್ರತ್ಯೇಕವಾಗಿಯೇ ಉಳಿಯಿತು. ಬಾಗಿಲು ಕಡ್ಡಾಯ, ಬೀಗದ ಕೈ ಐಚ್ಛಿಕ ಎಂಬ ಸ್ಥಿತಿ ಇದು.

ಡೆಬಿಯನ್‌ನ ಟೆಸರಾಕ್ಟ್ ಪ್ಯಾಕೇಜಿನಲ್ಲಿ ಈ ತಾರತಮ್ಯ ಬರಹದಲ್ಲೇ ಇದೆ. ಚಿತ್ರದಿಂದ ಪಠ್ಯ ಓದುವ ಈ ತಂತ್ರಾಂಶಕ್ಕೆ ಇಂಗ್ಲಿಷ್ ದತ್ತಾಂಶ ಕಡ್ಡಾಯ ಅವಲಂಬನೆ. ಕನ್ನಡದ್ದನ್ನು ಕೇಳಿ ಹಾಕಿಕೊಳ್ಳಬೇಕು. ಈಸ್ಪೀಕ್ ಎನ್‌ಜಿ ಧ್ವನಿ ತಂತ್ರಾಂಶದಲ್ಲಿ ಹಾಗಿಲ್ಲ. ಅದರ ದತ್ತಾಂಶ ಪ್ಯಾಕೇಜಿನಲ್ಲಿ ಕನ್ನಡವೂ ಉಳಿದ ಭಾಷೆಗಳ ಜೊತೆಗೇ ಬರುತ್ತದೆ.

ನನ್ನ ಆಕ್ಷೇಪ ಐಚ್ಛಿಕತೆಯ ಮೇಲಲ್ಲ, ಅದರ ಮೌನದ ಮೇಲೆ. ಕಡ್ಡಾಯ ಅವಲಂಬನೆ ಕಾಣೆಯಾದರೆ, ಪ್ಯಾಕೇಜು ಹಾಕುವ ಡಿಪಿಕೆಜಿ ಸಾಧನವು ಕೆಲಸ ನಿಲ್ಲಿಸಿ, ಕಾಣೆಯಾದದ್ದರ ಹೆಸರು ಹೇಳುತ್ತದೆ. ಶಿಫಾರಸಿನದು ಕಾಣೆಯಾದರೆ ಏನೂ ಹೇಳದೆ ಮುಂದೆ ಹೋಗುತ್ತದೆ. ನಗರದಲ್ಲಿ ವೇಗದ ಅಂತರ್ಜಾಲವಿರುವವರಿಗೆ ಇದು ತಟ್ಟದು, ಆಪ್ಟ್ ಎಲ್ಲವನ್ನೂ ತಂದುಕೊಡುತ್ತದೆ. ಸಂಪರ್ಕ ಸರಿಯಿಲ್ಲದ ಹಳ್ಳಿಶಾಲೆಗೆ ಪೆನ್‌ಡ್ರೈವ್‌ನಲ್ಲಿ ಪ್ಯಾಕೇಜುಗಳನ್ನು ಒಯ್ದು ಒಂದೊಂದಾಗಿ ಹಾಕುವಾಗ ಮೊದಲು ಬಿಟ್ಟುಹೋಗುವುದು ಈ ಶಿಫಾರಸಿನ ಪ್ಯಾಕೇಜುಗಳೇ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಹಾಗೂ ಐಟಿ ಫಾರ್ ಚೇಂಜ್ ಸಂಸ್ಥೆ ಜೊತೆಗೂಡಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ಕೆಲಸದಲ್ಲಿ, ಬೇಕಾದದ್ದನ್ನೆಲ್ಲ ಮೊದಲೇ ಸೇರಿಸಿದ ಉಬುಂಟು ಪ್ರತಿ ಬಳಸಿದ್ದು ಈ ದೃಷ್ಟಿಯಿಂದ ವಿವೇಕದ ಕ್ರಮ.

ಹಾಗೆಂದು ಎಲ್ಲವನ್ನೂ ಕಡ್ಡಾಯ ಮಾಡಿದರೆ ಬೇರೆ ತೊಂದರೆ. ಒಂದು ಫಾಂಟು ತೆಗೆಯಹೋದರೆ ಅದನ್ನು ನೆಚ್ಚಿದ ಡೆಸ್ಕ್‌ಟಾಪ್‌ನ ಪ್ಯಾಕೇಜುಗಳೂ ಕಿತ್ತುಬರಬಹುದು. ಹಳೆಯ ಯಂತ್ರದ ಪುಟ್ಟ ಡಿಸ್ಕೂ ತುಂಬುತ್ತದೆ. ಫೆಡೋರಾ 24 (2016) ಹಿಡಿದ ದಾರಿ ನನಗೆ ಹೆಚ್ಚು ಸರಿಯೆನಿಸುತ್ತದೆ. ಅಲ್ಲಿ ಸಪ್ಲಿಮೆಂಟ್ಸ್ ಎಂಬ ತಿರುಗುಮುಖದ ಅವಲಂಬನೆ ಇದೆ: ಕನ್ನಡದ ಭಾಷಾ ಪ್ಯಾಕೇಜೂ ಲಿಬ್ರೆಆಫೀಸೂ ಎರಡೂ ಯಂತ್ರದಲ್ಲಿದ್ದರೆ, ಲಿಬ್ರೆಆಫೀಸ್‌ನ ಕನ್ನಡ ಭಾಗ ತಾನಾಗಿ ಬರುತ್ತದೆ. ಕನ್ನಡ ಬೇಡದವರ ಮೇಲೆ ಹೊರೆಯಿಲ್ಲ, ಬೇಕಾದವರು ಹುಡುಕಬೇಕಿಲ್ಲ. ಡೆಬಿಯನ್‌ನಲ್ಲಿ ಇದಕ್ಕೆ ಹತ್ತಿರದ ಎನ್‌ಹಾನ್ಸಸ್ ಇದ್ದರೂ ಅದನ್ನು ನೋಡಿ ಆಪ್ಟ್ ಏನನ್ನೂ ತರುವುದಿಲ್ಲ. ಕನ್ನಡ ಡೆಸ್ಕ್‌ಟಾಪ್‌ಗೆಂದೇ ಬೇಕಾದ ಪ್ಯಾಕೇಜುಗಳನ್ನು ಒಟ್ಟಿಗೆ ತರುವ ಒಂದು ಟಾಸ್ಕ್ ಪ್ಯಾಕೇಜು ಅಲ್ಲಿದೆ, ಆದರೆ ಅದರ ಅಂಗಗಳು ಹೆಚ್ಚಾಗಿ ಶಿಫಾರಸಿನ ಹಂತದಲ್ಲಿವೆ. ಶಿಫಾರಸುಗಳನ್ನು ತಡೆದರೆ ಪೊಳ್ಳು ಉಳಿಯುತ್ತದೆ.

ಡೆಬಿಯನ್ ಆ ಟಾಸ್ಕ್‌ನಲ್ಲಿ ಒಂದು ಕನ್ನಡ ಫಾಂಟನ್ನೂ ಒಂದು ಇನ್‌ಪುಟ್ ಎಂಜಿನ್ನನ್ನೂ ಡಿಪೆಂಡ್ಸ್ ಹಂತಕ್ಕೆ ಏರಿಸಬೇಕು. ಅಲ್ಲಿಯವರೆಗೆ, ಶಾಲೆಗಳಲ್ಲಿ ಲಿನಕ್ಸ್ ಹಾಕಿಕೊಡುವವರು ಪೆನ್‌ಡ್ರೈವ್‌ಗೆ ಲೋಹಿತ್ ಅಥವಾ ಗುಬ್ಬಿ ಫಾಂಟನ್ನು, ಐಬಸ್-ಎಂ17ಎನ್ ಅನ್ನು ಮರೆಯದೆ ಸೇರಿಸಿಕೊಳ್ಳಿ. ಹೊರಡುವ ಮೊದಲು ಆ ಯಂತ್ರದಲ್ಲಿ ‘ದೊಡ್ಡಬಳ್ಳಾಪುರ’ ಎಂದು ಒಮ್ಮೆ ಟೈಪ್ ಮಾಡಿ ನೋಡಿ.