ಕೊಲ್ಲಾಪುರದ ಎರಡು ತಲೆಮಾರಿನ ಕ್ಯಾಮೆರಾಗಳು

ಹಿರಣ್ಯಕೇಶಿಯ ತೀರದ ಗಡಹಿಂಗ್ಲಜದಿಂದ ಹೊರಟು, ಪಂಚಗಂಗೆಯ ತೀರದ ಕೊಲ್ಲಾಪುರವನ್ನು ಹಾಯ್ದು, ಮಗ್ಗಗಳ ಪಟ್ಟಣವಾದ ಇಚಲಕರಂಜಿಯವರೆಗೆ ಹಬ್ಬಿರುವ ಸೀಮೆಯು, ರಾಜ್ಯಗಳ ಎಲ್ಲೆ ಎಲ್ಲಿಯೇ ಬಿದ್ದಿರಲಿ, ಕನ್ನಡ ಮರಾಠಿಗಳೆರಡೂ ಒಂದೇ ಸಂತೆಯಲ್ಲಿ ಕೇಳಿಬರುವ ಸೀಮೆ. ಶಿಲಾಹಾರ ಅರಸರ ಕನ್ನಡ ಶಾಸನಗಳನ್ನು ತನ್ನ ಗುಡಿಗಳಲ್ಲಿ ಉಳಿಸಿಕೊಂಡಿರುವ ಈ ನಾಡಿಗೆ ಕನ್ನಡಿಗರು ಇಂದಿಗೂ ತಂಡೋಪತಂಡವಾಗಿ ಹೋಗಿ, ಮಹಾಲಕ್ಷ್ಮಿಯ ದರ್ಶನ ಮಾಡಿ, ಬೆಲ್ಲವನ್ನೂ ಚಪ್ಪಲಿಯನ್ನೂ ಕೊಂಡು ಹಿಂದಿರುಗುತ್ತಾರೆ. ಆದರೆ ಕನ್ನಡದ ಮೊದಲನೆಯ ವಾಕ್ಚಿತ್ರವು ಜನ್ಮ ತಳೆದದ್ದು ಅದೇ ಊರಿನ ಒಂದು ಸ್ಟುಡಿಯೋದಲ್ಲಿ ಎಂಬುದಾಗಲಿ, ಅದಕ್ಕೆ ಹದಿನಾರು ವರ್ಷ ಮುಂಚೆ ಅಲ್ಲಿಯ ಶಿಲ್ಪಿಗಳು ಚಲನಚಿತ್ರದ ಕ್ಯಾಮೆರಾವೊಂದನ್ನು ತಮ್ಮ ಕೈಯಾರೆ ನಿರ್ಮಿಸಿದ್ದರೆಂಬುದಾಗಲಿ ಆ ಯಾತ್ರಿಕರಲ್ಲಿ ಬಹುಮಂದಿಗೆ ತಿಳಿಯದು. 1918ರಲ್ಲಿ ಸಿದ್ಧವಾದ ಆ ಕೈತಿರುಗಣೆಯ ಯಂತ್ರ ಒಂದು ತಲೆಮಾರು. 1932ರಿಂದೀಚೆಗೆ ಅದೇ ಊರಿನಲ್ಲಿ ಮಾತನ್ನೂ ಹಾಡನ್ನೂ ಹಿಡಿದ ಮೋಟಾರಿನ ಯಂತ್ರ ಇನ್ನೊಂದು ತಲೆಮಾರು. ಇವೆರಡನ್ನೂ ಎದುರುಬದುರಾಗಿ ಇರಿಸಿ ನೋಡುವುದು ಈ ಲೇಖನದ ಉದ್ದೇಶ.

ಬಾಬುರಾವ್ ಕೃಷ್ಣರಾವ್ ಮೇಸ್ತ್ರಿ, ಅಂದರೆ ಮುಂದೆ ಬಾಬುರಾವ್ ಪೇಂಟರ್ ಎಂದೂ ಕಲಾಮಹರ್ಷಿ ಎಂದೂ ಪ್ರಖ್ಯಾತರಾದವರು, 1890ರಲ್ಲಿ ಕೊಲ್ಲಾಪುರದಲ್ಲಿ ಜನಿಸಿದರು. ಮನೆತನದ ವೃತ್ತಿಯೇ ಕೈಗೆಲಸವಾಗಿತ್ತು; ಮರ, ಲೋಹ, ಬಣ್ಣ, ಕಲ್ಲು ಯಾವುದೂ ಆ ಮನೆಯವರಿಗೆ ಅಪರಿಚಿತವಲ್ಲ. ಅವರೂ ಅವರ ದಾಯಾದಿ ಸೋದರ ಆನಂದರಾಯರೂ ಕೂಡಿ ನಾಟಕ ಮಂಡಳಿಗಳಿಗೆ ಪರದೆಗಳನ್ನು ಚಿತ್ರಿಸುತ್ತಿದ್ದರು. ಕೇಶವರಾವ್ ಭೋಸಲೆಯವರು 1908ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿಯೇ ಸ್ಥಾಪಿಸಿದ ಲಲಿತಕಲಾದರ್ಶ ಮಂಡಳಿಗೂ ಈ ಸೋದರರ ಕುಂಚಕ್ಕೂ ನಂಟಿದ್ದಿತೆಂಬುದನ್ನು ನೆನೆದರೆ, ಕನ್ನಡದ ನೆಲವೂ ಈ ಕಥೆಗೆ ಮೊದಲಿನಿಂದಲೇ ಸೇರಿಕೊಂಡಿರುವುದು ಕಾಣುತ್ತದೆ. ಅಷ್ಟರಲ್ಲಿ 1913ರ ಮೇ 3ರಂದು ಮುಂಬಯಿಯಲ್ಲಿ ದಾದಾಸಾಹೇಬ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ತೆರೆ ಕಂಡಿತು. ಫಾಲ್ಕೆಯವರ ಕ್ಯಾಮೆರಾ ಲಂಡನ್ನಿನಿಂದ ತಂದ ವಿಲಿಯಮ್‌ಸನ್ ಯಂತ್ರ. ಕೊಲ್ಲಾಪುರದ ಸೋದರರಿಗೆ ಅಂಥ ಯಂತ್ರ ದೊರೆಯುವಂತಿರಲಿಲ್ಲ. 1914ರಲ್ಲಿ ಮಹಾಯುದ್ಧ ತೊಡಗಿದ ಮೇಲಂತೂ ವಿದೇಶದ ಸಾಮಗ್ರಿ ತರಿಸುವುದು ಇನ್ನಷ್ಟು ದುಷ್ಕರವಾಯಿತು. ಆಗ ಅವರು ಕೊಳ್ಳಲಾಗದ ವಸ್ತುವನ್ನು ಮಾಡಿಯೇ ಬಿಡಬೇಕೆಂದು ನಿಶ್ಚಯಿಸಿದರು.

ಈ ನಿಶ್ಚಯದ ಸಾಹಸ ಎಷ್ಟೆಂಬುದು ಆ ಯಂತ್ರದ ಒಳಗನ್ನು ತಿಳಿಯದೆ ಮನಸ್ಸಿಗೆ ಹತ್ತುವುದಿಲ್ಲ. ಚಲನಚಿತ್ರದ ಕ್ಯಾಮೆರಾದಲ್ಲಿ ಕಷ್ಟವಾದ ಭಾಗ ಮಸೂರವಲ್ಲ. ಮಸೂರವನ್ನು ಕೊಂಡು ತರಬಹುದು. ಕಷ್ಟವಿರುವುದು ಫಿಲ್ಮಿನ ಗತಿಯಲ್ಲಿ. 35 ಮಿಲಿಮೀಟರ್ ಅಗಲದ ಆ ಪಟ್ಟಿಯ ಎರಡು ಅಂಚಿನಲ್ಲಿಯೂ, ಒಂದೊಂದು ಚಿತ್ರಕ್ಕೆ ನಾಲ್ಕು ನಾಲ್ಕರಂತೆ, ಸಣ್ಣ ರಂಧ್ರಗಳಿರುತ್ತವೆ. ಒಂದು ಕೊಕ್ಕೆಯು ಆ ರಂಧ್ರಗಳಲ್ಲಿ ಹೊಕ್ಕು ಪಟ್ಟಿಯನ್ನು ಸರಿಯಾಗಿ ಒಂದು ಚಿತ್ರದಷ್ಟು ಕೆಳಕ್ಕೆಳೆದು, ಬಿಟ್ಟು, ಮೇಲಕ್ಕೆ ಹಿಂದಿರುಗಬೇಕು. ಎಳೆಯುವ ಕ್ಷಣದಲ್ಲಿ ಬೆಳಕು ಬೀಳದಂತೆ ಅರ್ಧಚಂದ್ರಾಕಾರದ ಮರೆಯೊಂದು ಮಸೂರದ ಹಿಂದೆ ತಿರುಗಿ ಬರಬೇಕು. ಬೆಳಕು ಬೀಳುವ ಕ್ಷಣದಲ್ಲಿ ಪಟ್ಟಿ ಸ್ತಬ್ಧವಾಗಿ ನಿಲ್ಲಬೇಕು. ಈ ನಿಲ್ಲುವುದೂ ಚಲಿಸುವುದೂ ಸೆಕೆಂಡಿಗೆ ಹದಿನಾರು ಸಾರಿ ನಡೆಯಬೇಕು. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ, ಪರದೆಯ ಮೇಲೆ ನೂರಾರು ಪಟ್ಟು ಹಿಗ್ಗುವ ಚಿತ್ರವು ನಡುಗುತ್ತದೆ. ಚಿತ್ರ ತೋರಿಸುವ ಪ್ರೊಜೆಕ್ಟರಿನಲ್ಲಿಯೂ ಚಿತ್ರ ಹಿಡಿಯುವ ಕ್ಯಾಮೆರಾದಲ್ಲಿಯೂ ಈ ತತ್ತ್ವ ಒಂದೇ ಆಗಿರುವುದರಿಂದ, ಮುಂಬಯಿಯಿಂದ ತಂದ ಹಳೆಯ ಪ್ರೊಜೆಕ್ಟರೊಂದು ಈ ಸೋದರರಿಗೆ ಪಾಠಶಾಲೆಯಾಯಿತು.

ಅಂಥ ಪಾಠಕ್ಕೆ ಆ ಸೀಮೆಯೂ ಪಕ್ವವಾಗಿದ್ದಿತು. ಇಚಲಕರಂಜಿಯ ಸಂಸ್ಥಾನದಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲನೆಯ ವಿದ್ಯುನ್ಮಗ್ಗವನ್ನು ನಿಲ್ಲಿಸಿದ್ದರು. ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಕಲೆಗೂ ಉದ್ಯಮಕ್ಕೂ ಮಲ್ಲವಿದ್ಯೆಗೂ ಸಮಾನವಾದ ಆಶ್ರಯವನ್ನು ನೀಡುತ್ತಿದ್ದರು. ಯಂತ್ರವೆಂದರೆ ಪರದೇಶದ ಮಾಯೆಯೆಂಬ ಭಯ ಅಲ್ಲಿಯ ಮೇಸ್ತ್ರಿಗಳಿಗೆ ಇರಲಿಲ್ಲ.

ಆದರೆ ಯಂತ್ರವು ಪೂರ್ಣವಾಗುವುದಕ್ಕೆ ಮುಂಚೆ, 1916ರಲ್ಲಿ, ಆನಂದರಾಯರು ತೀರಿಕೊಂಡರು. ಬಾಬುರಾಯರು ಶಿಷ್ಯರಾದ ವಿಷ್ಣುಪಂತ ದಾಮ್ಲೆಯವರನ್ನು ಜೊತೆಗಿರಿಸಿಕೊಂಡು ಕೆಲಸವನ್ನು ಮುಂದುವರಿಸಿದರು. 1917ರ ಡಿಸೆಂಬರ್ 1ರಂದು ಮಹಾರಾಷ್ಟ್ರ ಫಿಲ್ಮ್ ಕಂಪನಿ ಸ್ಥಾಪಿತವಾಯಿತು. ಬಂಡವಾಳ ಒದಗಿಸಿದವರಲ್ಲಿ ಮುಖ್ಯರಾದವರು ತಾನೀಬಾಯಿ ಕಾಗಲಕರ್ ಎಂಬ ಗಾಯಕಿ. ಸಂಗೀತದಿಂದ ಗಳಿಸಿದ ಧನವನ್ನು ಇನ್ನೂ ಕಣ್ಣಿಗೆ ಕಾಣದ ಒಂದು ಕಲೆಯ ಮೇಲೆ ತೊಡಗಿಸಿದ ಆ ಮಹಿಳೆಯ ಔದಾರ್ಯವು ಇತಿಹಾಸದಲ್ಲಿ ಒಂದು ಸಾಲಿಗಿಂತ ಹೆಚ್ಚಿನ ಸ್ಥಳವನ್ನು ಪಡೆಯತಕ್ಕದ್ದು. 1918ರಲ್ಲಿ ಕ್ಯಾಮೆರಾ ಸಿದ್ಧವಾಯಿತು. ಅದರಿಂದ ತೆಗೆದ ‘ಸೈರಂಧ್ರಿ’ 1920ರ ಫೆಬ್ರುವರಿ 7ರಂದು ಪುಣೆಯ ಆರ್ಯನ್ ಸಿನೆಮಾದಲ್ಲಿ ಪ್ರದರ್ಶಿತವಾಯಿತು. ಭೀಮನು ಕೀಚಕನನ್ನು ವಧಿಸುವ ದೃಶ್ಯವು ಪ್ರೇಕ್ಷಕರು ತಾಳಲಾರದಷ್ಟು ನೈಜವಾಗಿದ್ದುದರಿಂದ ಮುಂದೆ ಅದನ್ನು ತೆಗೆದುಹಾಕಬೇಕಾಯಿತು. ಲೋಕಮಾನ್ಯ ತಿಲಕರು ಬಾಬುರಾಯರಿಗೆ ‘ಸಿನೆಮಾ ಕೇಸರಿ’ ಎಂಬ ಬಿರುದನ್ನಿತ್ತರು.

ಇನ್ನು ಈ ಮೊದಲ ತಲೆಮಾರಿನ ಯಂತ್ರದ ಗುಣದೋಷಗಳು. ಅದನ್ನು ನಡೆಸುತ್ತಿದ್ದುದು ಮನುಷ್ಯನ ತೋಳು. ಆ ಕಾಲದ ರೂಢಿಯಂತೆ ತಿರುಗಣೆಯ ಒಂದು ಸುತ್ತಿಗೆ ಎಂಟು ಚಿತ್ರಗಳು, ಸೆಕೆಂಡಿಗೆ ಎರಡು ಸುತ್ತು. ಮೃದಂಗದವನ ತಾಳದಂತೆ ಛಾಯಾಗ್ರಾಹಕನ ಕೈ ಆ ಲೆಕ್ಕವನ್ನು ಬಿಡದೆ ಹಿಡಿಯಬೇಕಾಗಿದ್ದಿತು. ಕೈ ನಿಧಾನವಾದರೆ ಪರದೆಯ ಮೇಲಿನ ಜನ ಓಡುವರು; ಕೈ ವೇಗವಾದರೆ ಅವರು ತೇಲುವರು. ಆದರೆ ಇದೇ ದೋಷವು ಬಲ್ಲವನ ಕೈಯಲ್ಲಿ ಗುಣವೂ ಆಗುತ್ತಿದ್ದಿತು: ಯುದ್ಧಕ್ಕೊಂದು ಗತಿ, ಶೋಕಕ್ಕೊಂದು ಗತಿ ಎಂದು ಕಾಲವನ್ನೇ ಹಿಗ್ಗಿಸುವ ಕುಗ್ಗಿಸುವ ಸ್ವಾತಂತ್ರ್ಯ ಅವನಿಗಿದ್ದಿತು. ಆಗಿನ ಸಾಮಾನ್ಯ ಫಿಲ್ಮಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಕುಂಕುಮವೂ ತುಟಿಯೂ ಕಪ್ಪಾಗಿ ಮೂಡುವುವು, ನೀಲಿಯ ಆಕಾಶ ಬಿಳಿಚಿಕೊಳ್ಳುವುದು. ಪರದೆ ಬರೆದ ಕೈಯುಳ್ಳ ಬಾಬುರಾಯರು ಈ ಕೊರತೆಯನ್ನು ಬಲ್ಲವರಾಗಿ, ಬರಿಯ ಬಣ್ಣದ ಪರದೆಯನ್ನು ಬಿಟ್ಟು, ಆಳವುಳ್ಳ ಸೆಟ್ಟುಗಳನ್ನು ಕಟ್ಟಿಸಿ, ನೆರಳು ಬೆಳಕುಗಳಿಂದಲೇ ಚಿತ್ರಕ್ಕೆ ಮೈ ತುಂಬಿಸಿದರು. ಸಾಹುಕಾರನ ಬಡ್ಡಿಯ ಬಲೆಗೆ ಸಿಕ್ಕಿ ನೆಲ ಕಳೆದುಕೊಂಡ ರೈತನ ಕಥೆಯಾದ 1925ರ ‘ಸಾವಕಾರಿ ಪಾಶ’ದಲ್ಲಿ, ಮಬ್ಬುಗತ್ತಲೆಯ ಗುಡಿಸಲು ಮತ್ತು ಊಳಿಡುವ ನಾಯಿಯ ದೃಶ್ಯವನ್ನು ಕಂಡವರು ದಶಕಗಳ ಮೇಲೂ ಅದನ್ನು ಮರೆಯಲಿಲ್ಲ. ಆ ಚಿತ್ರದ ರೈತನ ಪಾತ್ರವನ್ನು ವಹಿಸಿದವರು ಆಗ ಯುವಕರಾಗಿದ್ದ ವಿ. ಶಾಂತಾರಾಮ್.

1929ರ ಜೂನ್ 1ರಂದು ಶಾಂತಾರಾಮ್, ದಾಮ್ಲೆ, ಕಾಗಲದವರಾದ ಫತ್ತೇಲಾಲ್, ಕೇಶವರಾವ್ ಧಾಯ್‌ಬರ್ ಮತ್ತು ಸೀತಾರಾಮ್ ಕುಲಕರ್ಣಿ ಕೂಡಿ ಕೊಲ್ಲಾಪುರದಲ್ಲಿ ಪ್ರಭಾತ್ ಕಂಪನಿಯನ್ನು ಸ್ಥಾಪಿಸಿದರು. 1931ರ ಮಾರ್ಚ್ 14ರಂದು ‘ಆಲಂ ಆರಾ’ ಮಾತನಾಡಿದ ಮೇಲೆ ಮೂಕಚಿತ್ರದ ಯುಗ ಮುಗಿಯತೊಡಗಿತು. 1932ರಲ್ಲಿ ಪ್ರಭಾತ್‌ನ ‘ಅಯೋಧ್ಯೇಚಾ ರಾಜಾ’ ಮರಾಠಿಯನ್ನು ನುಡಿಯಿತು. ಎರಡನೆಯ ತಲೆಮಾರಿನ ಕ್ಯಾಮೆರಾ ಕೊಲ್ಲಾಪುರವನ್ನು ಹೊಕ್ಕಿತು.

ಶಬ್ದಕ್ಕೆ ಹಿಗ್ಗು ಕುಗ್ಗು ಸಲ್ಲದು. ಗತಿ ತಪ್ಪಿದರೆ ಗಾಯಕನ ಷಡ್ಜವೇ ತಪ್ಪುತ್ತದೆ. ಆದುದರಿಂದ ಮನುಷ್ಯನ ತೋಳಿನ ಸ್ಥಾನಕ್ಕೆ ವಿದ್ಯುತ್ತಿನ ಮೋಟಾರು ಬಂದಿತು; ಹದಿನಾರರ ಬದಲು ಸೆಕೆಂಡಿಗೆ 24 ಚಿತ್ರಗಳ ನಿಯಮ ನಿಂತಿತು; ನಿಮಿಷಕ್ಕೆ 60 ಅಡಿ ಸಾಗುತ್ತಿದ್ದ ಫಿಲ್ಮು 90 ಅಡಿ ಸಾಗತೊಡಗಿತು. ಯಂತ್ರದ ಗರಗರ ಶಬ್ದವನ್ನು ಮೈಕ್ರೋಫೋನು ಹಿಡಿಯದಂತೆ ಕ್ಯಾಮೆರಾಕ್ಕೆ ದಪ್ಪನೆಯ ಕವಚವನ್ನು ತೊಡಿಸಬೇಕಾಯಿತು. ಎಲ್ಲ ಬಣ್ಣಗಳನ್ನೂ ಕಾಣಬಲ್ಲ ಹೊಸ ಫಿಲ್ಮು ಬಂದು ಮುಖದ ಚರ್ಮಕ್ಕೆ ಚರ್ಮದ ಕಾಂತಿ ದೊರೆಯಿತು. ಲಾಭ ದೊಡ್ಡದು. ಆದರೆ ಬಯಲಲ್ಲಿ ಎಲ್ಲಿ ಬೇಕಾದಲ್ಲಿ ಓಡಾಡುತ್ತಿದ್ದ ಕ್ಯಾಮೆರಾ ಕೆಲವು ಕಾಲ ಮೈಕ್ರೋಫೋನಿನ ಬಳಿಯಲ್ಲಿಯೇ ನೆಲೆಯೂರಿ ಕುಳಿತಿತು. ಹಿನ್ನೆಲೆ ಗಾಯನದ ಪದ್ಧತಿ ನಮ್ಮ ದೇಶಕ್ಕೆ 1935ರವರೆಗೆ ಬಾರದೆ ಇದ್ದುದರಿಂದ, ನಟರು ಅಭಿನಯಿಸುತ್ತಲೇ ಹಾಡಬೇಕಾಗಿದ್ದಿತು, ವಾದ್ಯದವರು ಚೌಕಟ್ಟಿನ ಹೊರಗೆ ಮರೆಯಾಗಿ ಕುಳಿತು ನುಡಿಸಬೇಕಾಗಿದ್ದಿತು.

ಇಲ್ಲಿ ಒಂದು ಸಂಗತಿಯನ್ನು ಹೇಳಿ ಮುಂದುವರಿಯುವುದು ಉಚಿತ. ಕೊಲ್ಲಾಪುರದ ಆ ಎರಡು ತಲೆಮಾರಿನ ಯಂತ್ರಗಳಲ್ಲಿಯೂ ಕನ್ನಡಿ ಇರಲಿಲ್ಲ. ಮಸೂರದ ನೋಟವನ್ನೇ ಕಣ್ಣಿಗೆ ಒದಗಿಸುವ ತಿರುಗುವ ಕನ್ನಡಿಯನ್ನು ಚಲನಚಿತ್ರದ ಕ್ಯಾಮೆರಾಕ್ಕೆ ಜರ್ಮನಿಯ ಆರಿಫ್ಲೆಕ್ಸ್ ತಂದದ್ದು 1937ರಲ್ಲಿ. ಅದಕ್ಕೆ ಮುಂಚೆ ಛಾಯಾಗ್ರಾಹಕನು ಪಕ್ಕದ ನೋಟಗಿಂಡಿಯಿಂದಲೋ, ಓಡುವ ಫಿಲ್ಮಿನ ಮೂಲಕವೇ ಇಣುಕಿಯೋ, ಬಹುಪಾಲು ಅನುಭವದ ಅಂದಾಜಿನಿಂದಲೋ ಚಿತ್ರವನ್ನು ಹಿಡಿಯುತ್ತಿದ್ದನು.

ಎರಡು ತಲೆಮಾರುಗಳನ್ನು ತೂಗಿ ನೋಡಲು ಚರಿತ್ರೆಯೇ ಒಂದು ತಕ್ಕಡಿಯನ್ನು ಒದಗಿಸಿದೆ. ಬಾಬುರಾಯರು 1920ರಲ್ಲಿ ತಮ್ಮ ಸ್ವಂತ ಯಂತ್ರದಿಂದ ಹಿಡಿದ ‘ಸೈರಂಧ್ರಿ’ಯ ಕಥೆಯನ್ನೇ ಅವರ ಶಿಷ್ಯರು, ಪ್ರಭಾತ್ ಕಂಪನಿಯು ಕೊಲ್ಲಾಪುರದಿಂದ ಪುಣೆಗೆ ತೆರಳಿದ 1933ರಲ್ಲಿ, ಶಾಂತಾರಾಮರ ನಿರ್ದೇಶನದಲ್ಲಿ ಮತ್ತೆ ತೆರೆಗೆ ತಂದರು. ಈ ಸಾರಿ ಮಾತು ಇದ್ದಿತು, ಬಣ್ಣವೂ ಇದ್ದಿತು: ಎರಡು ಫಿಲ್ಮುಗಳನ್ನು ಮುಖಕ್ಕೆ ಮುಖ ಸೇರಿಸಿ ಒಟ್ಟಿಗೆ ಓಡಿಸಿ, ಒಂದರಲ್ಲಿ ನೀಲಿ ಹಸಿರಿನ ಛಾಯೆಯನ್ನೂ ಇನ್ನೊಂದರಲ್ಲಿ ಕೆಂಪಿನ ಛಾಯೆಯನ್ನೂ ಹಿಡಿದು, ಜರ್ಮನಿಯಲ್ಲಿ ಮುದ್ರಿಸುವ ಪದ್ಧತಿ. ಫಲವು ನಿರೀಕ್ಷೆಯಂತೆ ಬರಲಿಲ್ಲ. ಬಣ್ಣಗಳು ಒಡೆದು ಕಣ್ಣು ಕುಕ್ಕುವಂತಾದುವು. ಕುಂಚ ಹಿಡಿದ ಗುರುವು ಕಪ್ಪು ಬಿಳುಪಿನಲ್ಲಿ ಸಾಧಿಸಿದ್ದನ್ನು ಬಣ್ಣ ಹಿಡಿಯುವ ಯಂತ್ರ ಆ ಸಾರಿ ಸಾಧಿಸಲಿಲ್ಲ.

ಆದರೆ ಇದರಿಂದಲೇ ಹೊಸ ತಲೆಮಾರನ್ನು ಹೀನೈಸುವುದು ಅನ್ಯಾಯ. ಮರು ವರ್ಷವೇ ಅದೇ ಪ್ರಭಾತ್‌ನವರು ‘ಅಮೃತಮಂಥನ’ದಲ್ಲಿ ದೂರದರ್ಶಕ ಮಸೂರದಿಂದ ಪುರೋಹಿತನ ಒಂದು ಕಣ್ಣನ್ನು ತೆರೆಯ ತುಂಬ ತೋರಿಸಿ ಪ್ರೇಕ್ಷಕರನ್ನು ನಡುಗಿಸಿದರು. 1936ರ ‘ಸಂತ ತುಕಾರಾಮ್’ 1937ರ ವೆನಿಸ್ ಉತ್ಸವದಲ್ಲಿ ಮನ್ನಣೆ ಪಡೆಯಿತು. ಅದರ ನಿರ್ದೇಶಕರು ದಾಮ್ಲೆ ಮತ್ತು ಫತ್ತೇಲಾಲ್, ಅಂದರೆ ಕೈತಿರುಗಣೆಯ ಯಂತ್ರದ ಅಂಗಳದಲ್ಲಿ ಬೆಳೆದ ಶಿಷ್ಯರೇ. ಸ್ವತಃ ಬಾಬುರಾಯರೂ ಶಾಲಿನಿ ಸಿನೆಟೋನಿಗಾಗಿ ‘ಉಷಾ’, ‘ಪ್ರತಿಭಾ’ ಎಂಬ ವಾಕ್ಚಿತ್ರಗಳನ್ನು ನಿರ್ಮಿಸಿದರು.

ಕನ್ನಡಕ್ಕೆ ಈ ಎರಡನೆಯ ತಲೆಮಾರಿನ ಋಣ ನೇರವಾದದ್ದು. ಬೆಂಗಳೂರಿನ ವರ್ತಕರಾದ ಚಮನಲಾಲ್ ಡೂಂಗಾಜಿಯವರು ಸೌತ್ ಇಂಡಿಯಾ ಮೂವಿಟೋನಿನ ಪರವಾಗಿ ಕನ್ನಡ ವಾಕ್ಚಿತ್ರಕ್ಕೆ ಕೈ ಹಾಕಿದಾಗ ಮೈಸೂರು ಸೀಮೆಯಲ್ಲಿ ಶಬ್ದಗ್ರಹಣಕ್ಕೆ ಯೋಗ್ಯವಾದ ಸ್ಟುಡಿಯೋ ಇರಲಿಲ್ಲ. ನಿರ್ದೇಶಕ ವೈ. ವಿ. ರಾವ್, ಸಾಹಿತ್ಯ ರಚಿಸಿದ ಬೆಳ್ಳಾವೆ ನರಹರಿ ಶಾಸ್ತ್ರಿ, ನಟರಾದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬಾ ಮೊದಲಾದವರ ತಂಡವು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋವನ್ನು ಆಶ್ರಯಿಸಿ, ಸುಮಾರು ಎರಡು ತಿಂಗಳಲ್ಲಿ ‘ಸತಿ ಸುಲೋಚನಾ’ವನ್ನು ಮುಗಿಸಿತು. ವೆಚ್ಚ ಸುಮಾರು 40,000 ರೂಪಾಯಿಯೆಂದೂ, ರಾಮ ರಾವಣರ ಯುದ್ಧಕ್ಕೆ ಎರಡು ಸಾವಿರದಷ್ಟು ಜನರನ್ನು ನೆರೆಯಿಸಿ ಎರಡು ಕ್ಯಾಮೆರಾಗಳಿಂದ ಹಿಡಿದರೆಂದೂ ಚಿತ್ರರಂಗದ ಇತಿಹಾಸಗಳು ಹೇಳುತ್ತವೆ. 1934ರ ಮಾರ್ಚ್ 3ರಂದು ಅದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ವೃತ್ತಿರಂಗಭೂಮಿಯಲ್ಲಿ ಕಡೆಯ ಸಾಲಿನವರೆಗೂ ಕೇಳುವಂತೆ ನುಡಿದು ಹಾಡಿ ಪಳಗಿದ ಆ ಕಂಠಗಳು ಮರಾಠಿ ನೆಲದ ಯಂತ್ರದ ಮುಂದೆ ಹದವಾಗಿ ನಿಂತು ಕನ್ನಡವನ್ನು ಮೊದಲ ಬಾರಿಗೆ ತೆರೆಗೆ ಕೊಟ್ಟವು.

ನನ್ನ ತೀರ್ಮಾನವನ್ನು ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಉಪಕರಣವೆಂಬ ದೃಷ್ಟಿಯಿಂದ ಎರಡನೆಯ ತಲೆಮಾರಿನ ಕ್ಯಾಮೆರಾ ನಿಸ್ಸಂಶಯವಾಗಿ ಮೇಲು. ಸಾಧನೆಯೆಂಬ ದೃಷ್ಟಿಯಿಂದ ಮೊದಲನೆಯದೇ ಹಿರಿದು. ಮೊದಲನೆಯದನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ಜೋಡಿಸಬಲ್ಲವರು ಅದೇ ಅಂಗಳದಲ್ಲಿದ್ದರು. ಎರಡನೆಯದು ಕೊಂಡು ತಂದ ವಸ್ತು. ಶಬ್ದಯಂತ್ರಕ್ಕೆ ಬೇಕಾದ ಬಂಡವಾಳವೂ ವಿದ್ಯುತ್ ಶಾಸ್ತ್ರವೂ ಮೇಸ್ತ್ರಿಯ ಕೈಗೆ ಮೀರಿದ್ದುವೆಂಬುದು ನಿಜ. ಆದರೂ 1918ರ ಆ ಯಂತ್ರಕ್ಕೆ ಸಂತತಿಯಿಲ್ಲದೆ ಹೋದದ್ದು ಖೇದದ ಸಂಗತಿ. ಕೊಲ್ಲಾಪುರದ ಕುಲುಮೆಗಳೂ ಲೇತುಗಳೂ ಮುಂದೆ ಆಯಿಲ್ ಎಂಜಿನುಗಳನ್ನೂ ಎರಕದ ಬಿಡಿಭಾಗಗಳನ್ನೂ ನಾಡಿಗೆಲ್ಲ ಒದಗಿಸಿದುವು, ಕ್ಯಾಮೆರಾವನ್ನು ಮಾಡಲಿಲ್ಲ.

ಅದಕ್ಕಿಂತಲೂ ಹೆಚ್ಚು ಖೇದವಾಗುವುದು ಉಳಿದಿರುವುದನ್ನು ಎಣಿಸಿದಾಗ. ಆ ಕಾಲದ ಫಿಲ್ಮು ನೈಟ್ರೇಟಿನದು. ಕಿಡಿ ತಗುಲಿದರೆ ಭಗ್ಗೆನ್ನುವುದು, ತಗುಲದಿದ್ದರೂ ಕಾಲಕ್ರಮದಲ್ಲಿ ಕರಗಿ ಪುಡಿಯಾಗುವುದು. ಬಾಬುರಾಯರ ಮೂಕಚಿತ್ರಗಳಲ್ಲಿ ಕೆಲವು ತುಣುಕುಗಳು ಮಾತ್ರ ಉಳಿದಿವೆ. ಗಾಂಧೀಜಿಯವರ ಹತ್ಯೆಯ ತರುವಾಯದ 1948ರ ಗಲಭೆಯಲ್ಲಿ ಕೊಲ್ಲಾಪುರದ ಜಯಪ್ರಭಾ ಸ್ಟುಡಿಯೋ ಬೆಂಕಿಗೆ ತುತ್ತಾಯಿತು. ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇಂದು ನಮ್ಮ ಪಾಲಿಗಿಲ್ಲ. ಕೊಲ್ಲಾಪುರದವರು ಖರಿ ಕಾರ್ನರಿನಲ್ಲಿ ಕ್ಯಾಮೆರಾಕ್ಕೆ ಒಂದು ಸ್ಮಾರಕಸ್ತಂಭವನ್ನು ನಿಲ್ಲಿಸಿ ತಮ್ಮ ಹಿರಿಯರನ್ನು ಗೌರವಿಸಿದ್ದಾರೆ. ಕನ್ನಡದ ಮೊದಲ ಮಾತು ತೆರೆಗೆ ಬಂದ ಆ ಊರಿನಲ್ಲಿ ಕನ್ನಡಿಗರ ಕಡೆಯಿಂದಲೂ ಒಂದು ಕಲ್ಲು, ಎರಡೂ ಭಾಷೆಗಳ ಲಿಪಿಯಲ್ಲಿ, ನಿಲ್ಲತಕ್ಕದ್ದು.

ಗಡಹಿಂಗ್ಲಜ, ಇಚಲಕರಂಜಿ, ನಿಪ್ಪಾಣಿ, ಸಂಕೇಶ್ವರಗಳ ಮನೆಗಳಲ್ಲಿ, ಆ ಸ್ಟುಡಿಯೋಗಳಲ್ಲಿ ಬಡಗಿಗಳಾಗಿ, ಬಣ್ಣಗಾರರಾಗಿ, ವಾದ್ಯಗಾರರಾಗಿ ದುಡಿದವರ ವಂಶಸ್ಥರು ಇದ್ದರೆ ಅವರಲ್ಲಿ ನನ್ನದೊಂದು ವಿಜ್ಞಾಪನೆ. ಅಟ್ಟದ ಟ್ರಂಕಿನಲ್ಲಿ ಹಳೆಯ ಪದ್ಯಾವಳಿಯ ಪುಸ್ತಕ, ಕರಪತ್ರ, ಸೆಟ್ಟಿನ ಛಾಯಾಚಿತ್ರ ಏನು ದೊರೆತರೂ ರದ್ದಿಗೆ ಹಾಕಬೇಡಿರಿ. ಫಿಲ್ಮಿನ ಸುರುಳಿ ಸಿಕ್ಕಿದರೆ ದೀಪದ ಬಳಿ ಒಯ್ಯಬೇಡಿರಿ, ಮನೆಯಲ್ಲಿ ಇರಿಸಿಕೊಳ್ಳಲೂ ಬೇಡಿರಿ. 1964ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಪುಣೆಯಲ್ಲಿದೆ, ಅವರಿಗೆ ತಡಮಾಡದೆ ತಿಳಿಸಿರಿ.