ಹುಲಿಗಿ ಕಾಲುವೆಯಿಂದ ಕುಷ್ಟಗಿ ದಾಳಿಂಬೆವರೆಗೆ

ಹುಲಿಗಿ ಅಂದ ಕೂಡಲೇ ನಮಗೆ ನೆನಪಾಗುವುದು ಹುಲಿಗೆಮ್ಮನ ಗುಡಿ, ಹೊಳೆ, ಪಕ್ಕದ ಮುನಿರಾಬಾದಿನ ಡ್ಯಾಂ. ಆದರೆ ಈ ಊರಿನ ಹೆಸರಿನಲ್ಲಿ ಒಂದು ಹಳೆಯ ಕಾಲುವೆಯೂ ಇದೆ. ತುಂಗಭದ್ರೆಯ ಎಡದಂಡೆಯ ವಿಜಯನಗರ ಕಾಲುವೆಗಳ ಪಟ್ಟಿಯಲ್ಲಿ ಶಿವಪುರ, ಆನೆಗೊಂದಿ, ಗಂಗಾವತಿ ಕಾಲುವೆಗಳ ಜೊತೆ ಹುಲಿಗಿ ಕಾಲುವೆಯ ಹೆಸರೂ ಬರುತ್ತದೆ.

ಈ ಸೀಮೆಗೆ ಹಣ್ಣಿನ ತೋಟವೂ ಹೊಸದಲ್ಲ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಹಂಪಿಗೆ ಬಂದಿದ್ದ. ಅಲ್ಲಿನ ಪೇಟೆಯ ದರವನ್ನೂ ಆತ ಬರೆದಿಟ್ಟಿದ್ದಾನೆ: ಒಂದು ಹಣಕ್ಕೆ 3 ಗೊಂಚಲು ದ್ರಾಕ್ಷಿ ಅಥವಾ 10 ದಾಳಿಂಬೆ. ಹಣ ಅಂದರೆ ಆಗಿನ ಒಂದು ಸಣ್ಣ ನಾಣ್ಯ. ಅಂದರೆ 500 ವರ್ಷದ ಹಿಂದೆಯೇ ಇಲ್ಲಿನ ಸಂತೆಯಲ್ಲಿ ದಾಳಿಂಬೆ ಮಾಮೂಲಿ ಹಣ್ಣಾಗಿತ್ತು.

ಆಮೇಲೆ ಡ್ಯಾಂ ಬಂತು. 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಕಡಿಮೆ ನೀರು ಬೇಡುವ ಜೋಳ, ಹತ್ತಿಯಂಥ ಬೆಳೆಗೇ ಹೆಚ್ಚು ಜಮೀನು ಎಂದು ಯೋಜನೆಯಲ್ಲಿ ಲೆಕ್ಕ ಹಾಕಿದ್ದರು. ಆದರೆ ನೀರು ಕಂಡಲ್ಲಿ ಭತ್ತ ಹಬ್ಬಿತು, ಗಂಗಾವತಿ ಭತ್ತದ ಕಣಜವಾಯಿತು. ಎತ್ತರದಲ್ಲಿರುವ ಕುಷ್ಟಗಿ, ಯಲಬುರ್ಗಾ ಕಡೆಗೆ ಆ ನೀರು ಏರಲಿಲ್ಲ. ಅಲ್ಲಿನ ರೈತರಿಗೆ ಉಳಿದದ್ದು ಮಳೆ ಮತ್ತು ಬೋರ್‌ವೆಲ್.

ಈ ಒಣಭೂಮಿಗೆ ದಾಳಿಂಬೆ ಚೆನ್ನಾಗಿ ಒಗ್ಗಿತು. ಗಿಡದ ಕಾಂಡ ಗಟ್ಟಿ. ಪ್ರತಿ ವರ್ಷ ಹೊಲ ಹರಗಿ ಬಿತ್ತಬೇಕಿಲ್ಲ, ಡ್ರಿಪ್ ಇದ್ದರೆ ಸ್ವಲ್ಪ ನೀರಿನಲ್ಲೇ ನಡೆಯುತ್ತದೆ. ನೀರು ನಿಲ್ಲಿಸಿ, ಎಲೆ ಉದುರಿಸಿ, ಚಾಟ್ನಿ ಮಾಡಿ, ಮತ್ತೆ ನೀರು ಗೊಬ್ಬರ ಕೊಟ್ಟರೆ ನಮಗೆ ಬೇಕಾದ ಹಂಗಾಮಿಗೆ ಹೂವು ಬರುತ್ತದೆ. ಮೊದಲು ಪುಣೆಯಿಂದ ಬಂದ ಗಣೇಶ್ ತಳಿ, ಆಮೇಲೆ ಕೆಂಪು ಬಣ್ಣದ ಭಗವಾ ತೋಟಗಳನ್ನು ತುಂಬಿದವು. ಒಳ್ಳೆಯ ದರವೂ ಸಿಕ್ಕಿತು.

ಹೊಡೆತ ಬಿದ್ದದ್ದು 2000ರ ನಂತರದ ವರ್ಷಗಳಲ್ಲಿ. ದುಂಡಾಣು ಅಂಗಮಾರಿ ರೋಗ ದೇಶಕ್ಕೆ ಹೊಸದಾಗಿರಲಿಲ್ಲ, 1952ರಲ್ಲೇ ದೆಹಲಿಯಲ್ಲಿ ಗುರುತಿಸಿದ್ದರು. ಆದರೆ ಈಗ ಅದು ಕರ್ನಾಟಕ, ಮಹಾರಾಷ್ಟ್ರ, ಆಂಧ್ರದ ತೋಟಗಳಿಗೆ ಒಟ್ಟಿಗೇ ನುಗ್ಗಿತು. ಎಲೆ ಮೇಲೆ ಎಣ್ಣೆ ಬಿದ್ದಂಥ ಚುಕ್ಕೆ, ಕಾಯಿ ಮೇಲೆ ಕಪ್ಪು ಮಚ್ಚೆ, ಆಮೇಲೆ ಕಾಯಿ ಸೀಳು. ಸಾಲ ಮಾಡಿ ಬೆಳೆಸಿದ ಗಿಡಗಳನ್ನು ರೈತರೇ ಕಿತ್ತು ಸುಟ್ಟರು. ಸೊಲ್ಲಾಪುರದಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಶುರುವಾದದ್ದು 2005ರಲ್ಲಿ.

ರೋಗ ಇಷ್ಟು ಬೇಗ ಹರಡಿದ್ದಕ್ಕೆ ಮಳೆ, ಗಾಳಿ ಮಾತ್ರ ಕಾರಣವಲ್ಲ. ರೋಗ ಹತ್ತಿದ ಗಿಡದಿಂದ ಗೂಟಿ ಕಟ್ಟಿದರೆ ಸಸಿಯ ಜೊತೆ ರೋಗವೂ ಊರಿಂದೂರಿಗೆ ಹೋಗುತ್ತದೆ. ತೊಳೆಯದ ಕತ್ತರಿಯಿಂದ ಗಿಡದಿಂದ ಗಿಡಕ್ಕೆ ದಾಟುತ್ತದೆ. ಸುತ್ತಮುತ್ತ ಎಲ್ಲ ತೋಟದಲ್ಲೂ ಒಂದೇ ತಳಿ ಇದ್ದರೆ ಅದಕ್ಕೆ ಎಲ್ಲೂ ತಡೆಯಿಲ್ಲ.

ಇದು ನಮ್ಮ ಕಥೆ ಮಾತ್ರ ಅಲ್ಲ. ಚಾಕಲೇಟಿಗೆ ಹಾಕುವ ಹೇಜಲ್‌ನಟ್ ಅಮೆರಿಕದಲ್ಲಿ ಹೆಚ್ಚುಕಡಿಮೆ ಪೂರಾ ಬೆಳೆಯುವುದು ಒರೆಗಾನ್ ರಾಜ್ಯದಲ್ಲಿ. ಅಲ್ಲಿಯೂ ಬಹುಪಾಲು ತೋಟಗಳಲ್ಲಿ ಬಾರ್ಸಿಲೋನಾ ಎಂಬ ಒಂದೇ ತಳಿಯಿತ್ತು. 1986ರಲ್ಲಿ ಒಂದು ಶಿಲೀಂಧ್ರ ರೋಗ ಅಲ್ಲಿಗೆ ಕಾಲಿಟ್ಟು ಗಿಡಗಳನ್ನು ಒಣಗಿಸತೊಡಗಿತು. ದಾರಿ ತೋರಿಸಿದ್ದು ಪರಾಗಕ್ಕಷ್ಟೇ ನೆಡುತ್ತಿದ್ದ ಗ್ಯಾಸವೇ ಎಂಬ ಹಳೆಯ ತಳಿ. ರೋಗ ತಡೆಯುವ ಅದರ ಗುಣ ಬಳಸಿ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ದುಡಿದು 2009ರಲ್ಲಿ ಜೆಫರ್ಸನ್ ತಳಿ ಬಿಡುಗಡೆ ಮಾಡಿದರು. ಬೇಡವೆಂದು ಆ ಹಳೆಯ ಗಿಡಗಳನ್ನೆಲ್ಲ ಕಡಿದು ಹಾಕಿದ್ದರೆ ಈ ದಾರಿಯೇ ಇರುತ್ತಿರಲಿಲ್ಲ.

ಜೋಳ ಕೈಕೊಟ್ಟರೆ ಮುಂದಿನ ವರ್ಷ ಕಡಲೆ ಬಿತ್ತಬಹುದು. ಗಿಡದ ಬೆಳೆ ಹಾಗಲ್ಲ. ಅದಕ್ಕೆ ಹತ್ತು ಹದಿನೈದು ವರ್ಷದ ಜಮೀನು, ಸಾಲ, ದುಡಿಮೆ ಎಲ್ಲ ಸೇರಿರುತ್ತದೆ. ಹಿಂದಿನವರ ಹೊಲದಲ್ಲಿ ನಡುವೆ ಜೋಳ, ಸಜ್ಜೆ, ತೊಗರಿ ಇದ್ದರೆ ಬದುವಿನ ಮೇಲೆ ಹುಣಸೆ, ಬೇವು, ಮಾವು ಇರುತ್ತಿದ್ದವು. ಒಂದಕ್ಕೆ ರೋಗ ಬಂದರೆ ಇನ್ನೊಂದು ಕೈ ಹಿಡಿಯುತ್ತಿತ್ತು.

ದಾಳಿಂಬೆ ಬೇಡ ಅಂತ ನಾವು ಹೇಳುತ್ತಿಲ್ಲ. ಈ ನೆಲಕ್ಕೆ ಅದು 500 ವರ್ಷದ ನಂಟು. ಆದರೆ ಸಸಿ ತರುವ ಮುಂಚೆ ಅದರ ತಾಯಿ ಗಿಡ ಯಾವ ತೋಟದ್ದು, ಅಲ್ಲಿ ರೋಗ ಇತ್ತಾ ಅಂತ ಕೇಳಿ, ಆದರೆ ಹೋಗಿ ಕಣ್ಣಾರೆ ನೋಡಿ. ಇದ್ದ ಹೊಲವನ್ನೆಲ್ಲ ಒಂದೇ ಗಿಡಕ್ಕೆ ಕೊಡಬೇಡಿ. ಬದುವಿನ ಹುಣಸೆ ಮರಕ್ಕೆ ಕೊಡಲಿ ಹಾಕುವ ಮುಂಚೆಯೂ ಒಂದು ಸಲ ಯೋಚಿಸಿ.